ಋಣದ ಗುಟುಕು

ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹೊಲಿಗೆ ಯಂತ್ರದ ಸದ್ದಿನಿಂದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಳತೆ ಕೊಡಲು ಬಂದವರಿಗೆ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಊಟಕ್ಕೆ ಕೂತವರ ತಟ್ಟೆಯಲ್ಲಿ ಆಗಾಗ ಒಂದು ದಾರದ ತುಣುಕು ಸಿಗುತ್ತಿತ್ತು. "ದಾರ ತಿಂದಮೇಲೆ ಮುಗೀತು, ನಂಟು ಬಿಡಿಸ್ಕೊಳ್ಳೋಕಾಗಲ್ಲ" ಎಂದು ಯಜಮಾನರಾದ ದರ್ಜಿ ನಗಿಸುತ್ತಿದ್ದರು. ಮದುವೆಯಾಗಿ ಬಂದ ಮೊದಲ ದಿನ ಅನ್ನದಲ್ಲಿ ಕೆಂಪು ದಾರ ಕಂಡು ಗಾಬರಿಯಾದ ಸೊಸೆಗೂ ಅವರು ಹೇಳಿದ್ದು ಇದನ್ನೇ.

ಈಗ ಆ ನಗೆ ಇರಲಿಲ್ಲ. ಲಕ್ವ ಹೊಡೆದು ಅವರ ಬಲಗೈ, ಬಲಗಾಲು, ಮಾತು ಎಲ್ಲ ಹೋಗಿದ್ದವು. ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುತ್ತಿದ್ದ ಕೋಣೆಯಲ್ಲೇ, ನಿಲುವುಗನ್ನಡಿಯ ಪಕ್ಕದಲ್ಲಿ, ಅವರ ಮಂಚ ಹಾಕಿದ್ದರು. ಸೊಸೆಯ ಗಂಡ ಕತ್ತರಿ ಹಿಡಿದು ಅಂಗಡಿ ನೋಡಿಕೊಳ್ಳುತ್ತಿದ್ದ, ಅತ್ತೆ ಅಡುಗೆ ನೋಡಿಕೊಳ್ಳುತ್ತಿದ್ದರು. ಮಾವನನ್ನು ತೊಳೆಯುವುದು, ಹೊರಳಿಸುವುದು, ಉಣ್ಣಿಸುವುದು ಸೊಸೆಯ ಪಾಲಿಗೆ ಬಂತು. ಕೇಳಿ ಕೊಟ್ಟದ್ದಲ್ಲ, ಇಂಥ ಕೆಲಸಗಳು ಮನೆಯಲ್ಲಿ ಯಾರ ಹೆಗಲಿಗೆ ಬೀಳುತ್ತವೆಂದು ಎಲ್ಲರಿಗೂ ಗೊತ್ತು.

ಕೆಲಸ ಬಂತು, ಆದರೆ ಅದನ್ನು ಮಾಡುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಒಂದು ಗುಂಡಿಯ ಕಾಜಾ ಹೊಲಿಯುವುದನ್ನು ತಿಂಗಳುಗಟ್ಟಲೆ ತಿದ್ದಿ ಕಲಿಸಿದ ಮನೆ, ಒಂದು ಜೀವವನ್ನು ಮಾತ್ರ ಕಣ್ಣು ಮುಚ್ಚಿ ಅವಳ ಕೈಗೆ ಕೊಟ್ಟಿತ್ತು. ಅವಳಿಗೆ ಭಯವಾಯಿತು. ಆ ಭಯದಿಂದಲೇ ಫೋನಿನಲ್ಲಿ ಹುಡುಕಿದಳು. ದೂರದ ಒಂದು ವಿಶ್ವವಿದ್ಯಾಲಯ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆಂದೇ ಒಂದು ಪಾಠ ಇಟ್ಟಿತ್ತು. ಕಾಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಇಂಗ್ಲಿಷು ಅರ್ಧ ಅರ್ಥವಾಗದಿದ್ದರೂ ಕೆಳಗೆ ಕನ್ನಡದ ಅಕ್ಷರ ಬರುತ್ತಿತ್ತು. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳುತ್ತಿದ್ದಳು. ಒಂದು ಕಿವಿ ಪಾಠಕ್ಕೆ, ಇನ್ನೊಂದು ಕಿವಿ ಮಾವನ ಉಸಿರಿಗೆ, ಎರಡು ಕೈ ಕಾಜಾಕ್ಕೆ.

"ಬಂದ್ಳು ನೋಡಿ ಫೋನ್ ಡಾಕ್ಟ್ರಮ್ಮ" ಎಂದು ಮೂಗು ಮುರಿಯುತ್ತಿದ್ದವರು ದೊಡ್ಡತ್ತೆ.

ದೊಡ್ಡತ್ತೆ ಅಂದರೆ ದರ್ಜಿಯ ಅಕ್ಕ. ಪಕ್ಕದ ಬೀದಿಯಲ್ಲಿ ಮನೆ; ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು. ಆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಎಷ್ಟೋ ಸುಲಭವಾಗುತ್ತಿತ್ತು.

ಈ ಬಳಗದಲ್ಲಿ ಒಂದು ಪದ್ಧತಿ. ಹಾಸಿಗೆ ಹಿಡಿದವರನ್ನು ನೋಡಲು ಬಂದವರು ಹಾಗೇ ಎದ್ದು ಹೋಗುವಂತಿಲ್ಲ. ಬೆಳ್ಳಿ ಚಮಚದಲ್ಲಿ ಒಂದು ಗುಟುಕು ಹಾಲನ್ನು ರೋಗಿಯ ಬಾಯಿಗೆ ಹಾಕಿ ಹೋಗಬೇಕು. ಅದಕ್ಕೆ ಋಣದ ಗುಟುಕು ಎಂದು ಹೆಸರು. ಹಾಕದವರಿಗೆ ಋಣ ಉಳಿಯಿತೆಂದು ಅರ್ಥ, ಬೇಡವೆಂದು ತಡೆದರೆ ಬಂದವರ ಕತ್ತು ಹಿಡಿದು ನೂಕಿದಂತೆ. ಕುಡಿಸುವಾಗ ರೋಗಿಯನ್ನು ಏಳಿಸಬಾರದು. ನೊಂದ ಜೀವವನ್ನು ಯಾಕೆ ಅಲುಗಾಡಿಸುವುದು ಎಂಬ ಕರುಣೆ. ದೊಡ್ಡತ್ತೆಯೇ ಗಲ್ಲ ಎತ್ತಿ ಹಿಡಿದು, "ನುಂಗು ರಾಜ, ನುಂಗು" ಎನ್ನುತ್ತ ಎಲ್ಲರ ಕೈಯಿಂದಲೂ ಕುಡಿಸುತ್ತಿದ್ದರು. ತಮ್ಮ ಗಂಡನ ಮಾತನ್ನೂ ಆಗ ತಪ್ಪದೆ ಹೇಳುತ್ತಿದ್ದರು: "ನಮ್ಮೋರು ಕೊನೇ ಗುಟುಕು ಕುಡಿದದ್ದು ನನ್ ಕೈಯಿಂದಾನೇ. ಕಣ್ಣು ಅಗಲ ಮಾಡಿ ನನ್ನನ್ನೇ ನೋಡ್ತಾ ನೋಡ್ತಾ ಹೋದ್ರು. ಅಂಥ ಋಣ ಎಷ್ಟು ಜನಕ್ಕುಂಟು ಹೇಳಿ?" ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು.

ಮೊದಲ ಸಲ ಹೀಗೆ ಬಳಗವೆಲ್ಲ ಬಂದು ಹೋದ ಮೇಲೆ ಮಾವ ಸಂಜೆಯವರೆಗೂ ಕೆಮ್ಮಿದರು. "ಕಫ ಕರಗ್ತಿದೆ, ಒಳ್ಳೇದೇ" ಎಂದರು ದೊಡ್ಡತ್ತೆ. ಬೆಳಗಾಗುವಷ್ಟರಲ್ಲಿ ಮೈ ಕೆಂಡವಾಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಆಸ್ಪತ್ರೆಗೆ ಸೇರಿಸಿದರು. ಹಾಲು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದಿತ್ತು. ಮನೆಗೆ ಕಳಿಸುವಾಗ ಡಾಕ್ಟರು, "ಹಾಲು, ನೀರು ತೆಳ್ಳಗೆ ಕೊಡಬೇಡಿ. ಗಟ್ಟಿ ಗಂಜಿ ಕೊಡಿ, ನೆಟ್ಟಗೆ ಕೂರಿಸಿ ಕೊಡಿ. ಇನ್ನೊಂದು ಸಲ ಹೀಗಾದರೆ ಉಳಿಸೋದು ಕಷ್ಟ" ಎಂದು ಸ್ಪಷ್ಟವಾಗಿ ಹೇಳಿದರು. ಪಾಠದಲ್ಲೂ ಅದೇ ಇತ್ತು. ಲಕ್ವ ಹೊಡೆದವರಿಗೆ ಗಂಟಲೂ ಸೋತಿರುತ್ತದೆ. ಗಲ್ಲ ಎತ್ತಿದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಒಂದು ಚಮಚ ಕೊಟ್ಟ ಮೇಲೆ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುವವರೆಗೂ ಕಾಯಬೇಕು. ಸೊಸೆ ಹಾಗೇ ಮಾಡತೊಡಗಿದಳು. ಮಾವನ ಮುಖಕ್ಕೆ ಕಳೆ ಬಂತು. ಒಂದು ದಿನ ಎಡಗೈಯಲ್ಲಿ ಅವಳ ಸೆರಗಿಗೆ ಅಂಟಿದ್ದ ದಾರದ ತುಣುಕನ್ನು ಕಿತ್ತು ತೋರಿಸಿದರು. ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಅಷ್ಟರಲ್ಲಿ ದೊಡ್ಡತ್ತೆ ಭಾನುವಾರಕ್ಕೆ ಮತ್ತೆ ಬಳಗವನ್ನು ಕರೆದರು. ಆಸ್ಪತ್ರೆಯಿಂದ ಗೆದ್ದು ಬಂದವನಿಗೆ ಎಲ್ಲರ ಗುಟುಕು ಬೀಳಬೇಕಲ್ಲ!

"ದೊಡ್ಡತ್ತೆ, ಜನ ಬರಲಿ, ನೋಡಲಿ. ಹಾಲು ಮಾತ್ರ ಬೇಡ" ಎಂದಳು ಸೊಸೆ.

"ಇವನಿಗೆ ಹಾಲು ಕುಡಿಸಿದ ಕೈ ಕಣೇ ಇದು. ನೀನು ನನಗೆ ಹೇಳಿಕೊಡ್ತೀಯಾ? ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ!"

"ಡಾಕ್ಟ್ರೂ ಅದನ್ನೇ ಹೇಳಿದ್ರಲ್ಲ."

"ಡಾಕ್ಟ್ರು ಹೇಳ್ತಾರೆ, ಹೋಗ್ತಾರೆ. ನಾಳೆ ಬೀದಿಯಲ್ಲಿ ತಲೆಯೆತ್ತಿ ಓಡಾಡಬೇಕಾದೋರು ನಾವು. ಸೊಸೆ ಬಂದು ಬಳಗದ ಋಣ ಕಡಿದಳು ಅಂತ ಆಡ್ಕೋತಾರೆ."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಅವರು ಹಿರಿಯರು, ಸುಮ್ನಿರಮ್ಮ. ಒಂದು ಗುಟುಕಲ್ವಾ?" ಎಂದರು. ಗಂಡನನ್ನು ಕೇಳಿದರೆ ಅವನು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, "ನೀನು ಹೇಳೋದು ಸರಿ. ಆದ್ರೆ ದೊಡ್ಡತ್ತೆಗೆ ಹೇಳೋರು ಯಾರು?" ಎಂದ. ಬಟ್ಟೆಯನ್ನಾದರೆ ಒಂದೇ ಏಟಿಗೆ ಕತ್ತರಿಸುವವನು, ಮಾತಿನಲ್ಲಿ ಮಾತ್ರ ಅಡಕತ್ತರಿಗೆ ಸಿಕ್ಕ ಅಡಿಕೆ.

ಭಾನುವಾರ ಬಂತು. ಅಂಗಡಿಯ ಬೆಂಚುಗಳ ಮೇಲೆ ನೆಂಟರು ಕೂತರು. ಮಾವನ ಹಳೆಯ ಗೆಳೆಯನಾದ ಬೀದಿಯ ಕೊನೆಯ ಇಸ್ತ್ರಿಯವನೂ ಬಂದು ಬಾಗಿಲಲ್ಲಿ ನಿಂತ. ದೊಡ್ಡತ್ತೆ ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಬೆಳ್ಳಿ ಚಮಚ ಹಿಡಿದು ಪರದೆಯ ಹತ್ತಿರ ಬಂದರು. ಪರದೆಗೆ ಅಡ್ಡವಾಗಿ ಸೊಸೆ ನಿಂತಿದ್ದಳು.

"ದಾರಿ ಬಿಡು."

"ಬಿಡಲ್ಲ ದೊಡ್ಡತ್ತೆ."

ಬೆಂಚಿನಲ್ಲಿದ್ದವರು ತಿರುಗಿ ನೋಡಿದರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವಳ ದನಿ ಇಷ್ಟು ದೂರ ಕೇಳಿದ್ದು ಇದೇ ಮೊದಲು.

"ಬಂದವರ ಮುಂದೆ ಮಾನ ಕಳೀಬೇಡ ಕಣೇ" ಎಂದರು ಅತ್ತೆ ಅಳುದನಿಯಲ್ಲಿ.

"ನನ್ನ ತಮ್ಮನಿಗೆ ನಾನು ಕುಡಿಸೋಕೆ ನಿನ್ನ ಅಪ್ಪಣೆ ಬೇಕಾ?" ದೊಡ್ಡತ್ತೆಯ ಮುಖ ಕೆಂಪಾಯಿತು. "ಮಲಗಿದ್ರೆ ಏನಾಗುತ್ತೆ? ಎಳೇ ಮಕ್ಕಳು ಮಲಗಿ ಕುಡಿಯಲ್ವಾ?"

ವಾದದಿಂದ ಏನೂ ಆಗುವುದಿಲ್ಲ ಎಂದು ಸೊಸೆಗೆ ಆಗ ತಿಳಿಯಿತು. ಪಾಠದಲ್ಲಿ ಮೊದಲ ವಾರವೇ ಒಂದು ಅಭ್ಯಾಸ ಹೇಳಿದ್ದರು: ನೀವು ಉಣ್ಣಿಸುವ ಮುನ್ನ ಬೇರೆಯವರ ಕೈಯಿಂದ ಉಣ್ಣಿಸಿಕೊಂಡು ನೋಡಿ. ಮಾಡುವವರು ಸಿಗದೆ ಅವಳು ಅದನ್ನು ಬಿಟ್ಟಿದ್ದಳು. ಈಗ ನೇರವಾಗಿ ಕತ್ತರಿಸುವ ಮೇಜಿನ ಹತ್ತಿರ ಹೋಗಿ, ಬಟ್ಟೆಯನ್ನು ಸರಿಸಿ, ಅದರ ಮೇಲೆ ಅಂಗಾತ ಮಲಗಿಬಿಟ್ಟಳು.

"ಮೊದಲು ನನಗೆ ಕುಡಿಸಿ. ಮಾವನಿಗೆ ಹೇಗೆ ಕುಡಿಸ್ತೀರೋ ಹಾಗೇ. ನಾನು ಕೈ ಎತ್ತಲ್ಲ, ತಲೆ ಎತ್ತಲ್ಲ, ಮಾವನಿಗೆ ಎತ್ತೋಕಾಗಲ್ಲವಲ್ಲ. ನನಗೇನೂ ಆಗ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಅಡ್ಡ ಬರಲ್ಲ."

"ಹುಚ್ಚು ಹಿಡೀತಾ ನಿನಗೆ?" ಎಂದ ಗಂಡ.

"ಮಲಗಲಿ ಬಿಡು. ಎಲ್ಲರೂ ನೋಡ್ಲಿ" ಎಂದರು ದೊಡ್ಡತ್ತೆ. ಅವರು ಗಲ್ಲ ಎತ್ತಿ ಹಿಡಿದು ಮೊದಲ ಚಮಚ ಹಾಕಿದರು. ಹಾಲು ಸರಾಗವಾಗಿ ಇಳಿಯಿತು. ಎರಡನೆಯದೂ ಇಳಿಯಿತು. ಬೆಂಚಿನಲ್ಲಿ ಯಾರೋ ನಕ್ಕರು. ಸೊಸೆಗೆ ಅನ್ನಿಸಿತು, ತನ್ನ ಗಟ್ಟಿ ಗಂಟಲೇ ಮಾವನ ಜೀವಕ್ಕೆ ಎರವಾಗುತ್ತದೆಯೇ?

"ನೋಡಿದ್ರಾ? ನುಂಗು ರಾಜ, ನುಂಗು" ಎಂದು ದೊಡ್ಡತ್ತೆ ಗೆಲುವಿನಿಂದ ಜನರ ಕಡೆ ತಿರುಗಿ ಮಾತಾಡುತ್ತಲೇ, ರೂಢಿಯಂತೆ, ಒಂದು ಇಳಿಯುವ ಮೊದಲೇ ಇನ್ನೊಂದು ಹಾಕಿದರು. ಅದರ ಮೇಲೆ ಮತ್ತೊಂದು.

ಸೊಸೆಯ ಉಸಿರು ಕಟ್ಟಿತು. ಕೆಮ್ಮಲು ಹೋದರೆ ಕೆಮ್ಮು ಬರಲಿಲ್ಲ. ಹಾಲು ಮೂಗಿಗೆ ಏರಿತು. ಕೈಗಳು ಮೇಜಿನ ಅಂಚನ್ನು ಹಿಡಿದವೇ ಹೊರತು ಮೇಲೇಳಲಿಲ್ಲ. ಕೊಟ್ಟ ಮಾತನ್ನು ಹಟದಿಂದ ಉಳಿಸಿಕೊಂಡಳು. ಕಣ್ಣು ಮಾತ್ರ ಅಗಲವಾಗಿ ತೆರೆದು, ಎದುರಿಗಿದ್ದ ದೊಡ್ಡತ್ತೆಯ ಮುಖವನ್ನೇ ನೋಡುತ್ತಿತ್ತು.

"ದೊಡ್ಡತ್ತೆ, ನಿಲ್ಸಿ!" ಗಂಡ ಕೂಗಿದ. ಓಡಿ ಬಂದು ಹೆಂಡತಿಯನ್ನು ಎತ್ತಿ ಕೂರಿಸಿದ. ಅವಳು ಮುಂದಕ್ಕೆ ಬಾಗಿ ಕೆಮ್ಮಿ ಕೆಮ್ಮಿ ಉಸಿರು ಹಿಡಿದಳು. ಅವನು ಅಲ್ಲಿಗೆ ನಿಲ್ಲಲಿಲ್ಲ. ಪರದೆ ಸರಿಸಿ ಒಳಗೆ ಹೋಗಿ, ಎರಡು ದಿಂಬು ಒತ್ತುಕೊಟ್ಟು ಅಪ್ಪನನ್ನೂ ಎಬ್ಬಿಸಿ ಕೂರಿಸಿದ. ಅಷ್ಟು ದಿನ ಬಾಯಲ್ಲಿ ಬಾರದ ಮಾತನ್ನು ಅವನ ಕೈ ಆಡಿತು.

ದೊಡ್ಡತ್ತೆ ಚಮಚ ಹಿಡಿದು ನಿಂತಲ್ಲೇ ನಿಂತಿದ್ದರು. "ಹೀಗೇ..." ಎಂದರು. "ನಮ್ಮೋರೂ ಹೀಗೇ ನೋಡಿದ್ರು."

ಅಷ್ಟು ವರ್ಷ ಪ್ರೀತಿಯೆಂದು ಎದೆಯಲ್ಲಿಟ್ಟುಕೊಂಡು ಬಂದ ಆ ನೋಟ ಯಾವುದೆಂದು ಆ ಮುದುಕಿಗೆ ಈಗ ತಿಳಿದಿತ್ತು.

"ನಿಜ ಹೇಳೇ. ಹಾಗಾದ್ರೆ ಅವತ್ತು... ನನ್ ಕೈಯಿಂದಾನೇ..."

ಸೊಸೆಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಾಗಲಿಲ್ಲ. ಅವರ ಕೈ ಹಿಡಿದುಕೊಂಡಳು. "ನಿಮಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ದೊಡ್ಡತ್ತೆ" ಎಂದಳು. ಅವರು ಆ ಕೈಯನ್ನು ಬಿಡಿಸಿಕೊಂಡು ಮೇಜಿಗೆ ಒರಗಿ ಬಹಳ ಹೊತ್ತು ಅತ್ತರು. ಓದುವವರೇ, ನಮ್ಮ ಮನೆಗಳಲ್ಲಿ ಹೀಗೆ ಅಳಬೇಕಾದವರು ಇನ್ನೆಷ್ಟು ಜನರಿದ್ದಾರೋ! ಮುದ್ದಿನಿಂದ ಕೊಂದು, ಮುದ್ದಿನಿಂದಲೇ ನೆನೆಸಿಕೊಳ್ಳುತ್ತೇವೆ. ತಪ್ಪು ಪ್ರೀತಿಯದಲ್ಲ, ಪ್ರೀತಿಯೊಂದಿದ್ದರೆ ಸಾಕು, ಕಲಿಯುವುದೇನೂ ಬೇಡ ಎಂಬ ನಮ್ಮ ಜಂಬದ್ದು.

ಬಾಗಿಲಲ್ಲಿದ್ದ ಇಸ್ತ್ರಿಯವನು ಏನು ಮಾಡಬೇಕೋ ತಿಳಿಯದೆ, ತನ್ನ ಪಾಲಿನ ಗುಟುಕು ಹಾಕಲೆಂದು ಮೆಲ್ಲಗೆ ಚಮಚಕ್ಕೆ ಕೈ ಚಾಚಿದ. ದೊಡ್ಡತ್ತೆ ಕಣ್ಣು ಒರೆಸಿಕೊಂಡು ಅದನ್ನು ಸೊಂಟಕ್ಕೆ ಸಿಕ್ಕಿಸಿದರು.

"ಇನ್ಮೇಲೆ ಇದಿಲ್ಲ ಕಣಯ್ಯ. ಋಣ ಇದ್ರೆ ಒಳಗೆ ಹೋಗಿ ಅವನ ಕೈ ಹಿಡ್ಕೊಂಡು ಕೂತ್ಕೋ. ನಿಮಗೆಲ್ಲಾ ಸೇರಿಸೇ ಹೇಳ್ತಿರೋದು." ಕೆಲವರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು. ಇಸ್ತ್ರಿಯವನು ಒಳಗೆ ಹೋದ.

ಜನ ಕರಗಿದ ಮೇಲೆ ಸೊಸೆ ಗಟ್ಟಿ ಗಂಜಿಯ ಬಟ್ಟಲು ಹಿಡಿದು ಮಾವನ ಎದುರು ಕೂತಳು. ದೊಡ್ಡತ್ತೆ ಹತ್ತಿರ ಬಂದರು. "ಆ ಫೋನಿನೋರು ನನ್ನಂಥ ಓದು ಬರದೋರಿಗೂ ಹೇಳಿಕೊಡ್ತಾರಾ?"

"ನಾನು ಓದಿ ಹೇಳ್ತೀನಿ. ಮೊದಲು ಇಲ್ಲಿ ನೋಡಿ, ಗಂಟಲಿನ ಗಂಟು."

ಅವಳು ಒಂದು ಚಮಚ ಕೊಟ್ಟಳು. ಬೆಳಗಿನಿಂದ ದಣಿದಿದ್ದ ಅವಳ ಕೈ ತನಗೇ ತಿಳಿಯದಂತೆ ಎರಡನೆಯ ಚಮಚ ಎತ್ತಿತು. ದೊಡ್ಡತ್ತೆ ಆ ಕೈಯನ್ನು ಹಿಡಿದು ನಿಲ್ಲಿಸಿದರು. ಅವರ ಕಣ್ಣು ತಮ್ಮನ ಗಂಟಲಿನ ಮೇಲಿತ್ತು.

"ಇನ್ನೂ ಇಳಿದಿಲ್ಲ" ಎಂದರು. "ತಾಳು."