ಮುಖ ನೋಡದೆ ಒತ್ತಿದ ಮುದ್ರೆ

ನನ್ನ ಸೊಸೆ ನೋಟರಿಯಾಗಿ ಕಚೇರಿ ತೆರೆದ ದಿನವೇ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟು ಕೂತಿತು. ಅವಳ ಕರಿ ಕೋಟನ್ನು ಹಾಸಿಗೆಯಡಿ ಇಟ್ಟು ಸುಕ್ಕು ಬಿಡಿಸಿದೆವು. ಬೀದಿಕಡೆಯ ಕೋಣೆಯೇ ಕಚೇರಿ. ಅದರ ಬಾಗಿಲಿಗೆ ಬೋರ್ಡು ಹೊಡೆಯಲು ಹೋದ ನನ್ನ ಮಗ ಬೆರಳಿಗೆ ಸುತ್ತಿಗೆ ಬಡಿದುಕೊಂಡ.

"ಮೊದಲನೇ ಕೇಸು ನಂದೇ ತಗೋ, ಬೋರ್ಡಿನ ಮೇಲೆ" ಎಂದು ಊದಿದ ಬೆರಳು ಚಾಚಿದ.

"ಸಾಕ್ಷಿ ಇಲ್ಲ, ಹೋಗ್ರೀ" ಎಂದಳು ಅವಳು.

ಈ ಹುದ್ದೆ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಹನ್ನೊಂದು ವರ್ಷ ಕೋರ್ಟಿನ ಜಗಲಿಯಲ್ಲಿ ಕೂತು ಊರಿನವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿದಳು. ಅದರ ನಡುವೆಯೇ ಕಾನೂನು ಓದಿದಳು. ವಕೀಲಿಕೆ ಮಾಡಿ ಕೂದಲು ನರೆಯುವ ಹೊತ್ತಿಗೆ ಅರ್ಜಿ ಹಾಕಿದಳು. ಅದು ಒಮ್ಮೆ ಹಿಂದೆ ಬಂತು. ಮತ್ತೆ ಹಾಕಿದಳು. ಅಷ್ಟು ಹಟ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಅತ್ತೆ, ದಿನಾ ಹೆಂಗಸರ ಹೆಸರು ಟೈಪ್ ಮಾಡ್ತಿದ್ದೆ. ಹೆಂಗಸರು ಮಾತ್ರ ಬರ್ತಾನೇ ಇರಲಿಲ್ಲ" ಎಂದಿದ್ದಳು.

ಅವಳು ಹೇಳಿದ್ದು ನಮ್ಮೆಲ್ಲರ ಮನೆಯ ಪದ್ಧತಿಯನ್ನೇ. ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಭಾಗ ಬೇಡವೆಂದು ಒಂದು ಕಾಗದ ತಯಾರಾಗುತ್ತದೆ. ಕಾಗದ ಅಡುಗೆಮನೆಗೆ ಬರುತ್ತದೆ, ಹೆಣ್ಣು ಕಚೇರಿಗೆ ಹೋಗುವುದಿಲ್ಲ. ಗಂಡಸರು ಅದನ್ನೊಯ್ದು ಮುದ್ರೆ ಹಾಕಿಸಿಕೊಂಡು ಬರುತ್ತಾರೆ. ಏನಿದು ಎಂದು ಕೇಳಿದವಳು ಒಡಹುಟ್ಟಿದವನನ್ನೇ ನಂಬದವಳು ಎನಿಸಿಕೊಳ್ಳುತ್ತಾಳೆ. ನಾನೂ ಕೇಳಲಿಲ್ಲ. ಹಿಟ್ಟು ಕಲಸುತ್ತಿದ್ದೆ, ಅಣ್ಣನೇ ನನ್ನ ಹೆಬ್ಬೆರಳು ಒರೆಸಿ, ಮಸಿ ಹಚ್ಚಿ ಒತ್ತಿಸಿಕೊಂಡ. ಗಂಡ ಸತ್ತು, ಕೂಸನ್ನೆತ್ತಿಕೊಂಡು ತವರಿಗೆ ಹೋದಾಗ ಹೊಸ್ತಿಲಲ್ಲೇ ಆ ಕಾಗದ ತೋರಿಸಿದರು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತು ಅದರ ನಕಲನ್ನು ಓದಿದೆ. "ಓದಿ ಹೇಳಲಾಗಿ, ತಿಳಿದು, ಒಪ್ಪಿ, ನನ್ನ ಎದುರಿನಲ್ಲಿ ಹೆಬ್ಬೆಟ್ಟು ಒತ್ತಿರುತ್ತಾರೆ" ಎಂದಿತ್ತು. ಹಾಗೆ ಬರೆದ ಮಹಾನುಭಾವನ ಮುಖವನ್ನು ನಾನು ಇಂದಿಗೂ ಕಂಡಿಲ್ಲ.

ಕಚೇರಿಗೆ ಮೊದಲು ಬಂದವನು ಪಕ್ಕದ ಬೀದಿಯ ಬಡಗಿ. ನಮ್ಮ ಕಷ್ಟಕಾಲದಲ್ಲಿ ಹೆಗಲು ಕೊಟ್ಟವನು. ಸೊಸೆಯ ಮೇಜನ್ನೂ ಅವನೇ ಮಾಡಿ, ಹೊತ್ತು ತಂದು ಇಟ್ಟುಹೋಗಿದ್ದ. ಈಗ ಒಂದು ಕಾಗದವನ್ನು ಅದರ ಮೇಲೆ ಹಾಸಿದ.

"ತಂಗಿ ಸಹಿ ಆಗಿದೆ ತಾಯಿ. ನಿಂದೊಂದು ಮುದ್ರೆ ಬಿದ್ರೆ ಮುಗೀತು."

"ಅವರೆಲ್ಲಿ ಅಣ್ಣಾ?"

"ಬಟ್ಟೆ ಹೊಲೀತಾ ಕೂತಿದಾಳೆ. ಅವಳ್ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ. ಆದ್ರೆ ಪ್ರಮಾಣ ಮಾಡೋರು ನೀವಲ್ವಲ್ಲ."

"ನಮ್ಮಮ್ಮ ಹೀಗೇ ಸಹಿ ಹಾಕಿದ್ಲು, ನಮ್ಮತ್ತೇನೂ ಹಾಕಿದ್ಲು. ಯಾರೂ ಮೆಟ್ಟಿಲು ಹತ್ತಲಿಲ್ಲ. ಮುದ್ರೆ ಮನೆ ಬಾಗಿಲಿಗೇ ಬಂತಲ್ಲಾಂತ ಖುಷಿಪಟ್ಟಿದ್ದೆ. ನಾನು ಮಾಡಿದ ಮೇಜಿನ ಮೇಲೆ ನನಗೇ ಪರೀಕ್ಷೆ ಇಡ್ತೀಯಾ?"

"ಮೇಜು ತಗೊಂಡು ಹೋಗಿ ಅಣ್ಣಾ. ನೆಲದ ಮೇಲೆ ಕೂತು ಬರೀತೀನಿ."

ಬಡಗಿಯ ಮುಖ ಕೆಂಪೇರಿತು. "ಆಚೆ ಬೀದಿಯವನ ಹತ್ರ ಹೋದ್ರೆ ತಲೆ ಎತ್ತದೆ ಒತ್ತಿ ಕೊಡ್ತಾನೆ!"

"ಕೊಡಬಹುದು. ಹಸಿ ಮರದಲ್ಲಿ ಬಾಗಿಲು ಮಾಡಿಕೊಡೋರೂ ಇದ್ದಾರೆ. ನೀವು ಮಾಡ್ತೀರಾ?"

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ.

"ನಾಳೆ ಯಾರಾದ್ರೂ ಇದನ್ನ ಕೋರ್ಟಿಗೆ ಎಳೆದ್ರೆ, ಆಯಮ್ಮ ಬಂದಿದ್ದು ಯಾವತ್ತು ಅಂತ ಕೇಳ್ತಾರೆ. ಬಂದೇ ಇಲ್ಲ ಅಂದ್ರೆ ಈ ಕಾಗದ ಒಲೆಗೂ ಬೇಡ. ಕರಕೊಂಡು ಬನ್ನಿ. ಅವರು ಹೂಂ ಅಂದ್ರೆ ನಾನೇ ಮುದ್ರೆ ಹಾಕ್ತೀನಿ."

ಮಧ್ಯಾಹ್ನ ಕರೆತಂದ. ತಂಗಿಗೆ ನಲವತ್ತರ ಹತ್ತಿರ. ಕೊರಳಲ್ಲಿ ಅಳತೆ ಟೇಪು, ಸೆರಗಿನ ತುಂಬ ದಾರದ ಚೂರು. ಸೊಸೆ ಅಣ್ಣನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದಳು.

"ಇದರಲ್ಲಿ ಏನಿದೆ ಗೊತ್ತೇನಮ್ಮಾ?"

"ಕರೆಂಟ್ ಬಿಲ್ಲು ಅಣ್ಣನ ಹೆಸರಿಗೆ ಮಾಡೋದಲ್ವಾ?"

ಸೊಸೆ ಒಂದೊಂದೇ ಸಾಲು ಓದಿ, ಆಡುಮಾತಿನಲ್ಲಿ ಬಿಡಿಸಿ ಹೇಳಿದಳು. ಕಾಗದದಲ್ಲಿ ಇದ್ದದ್ದು ಇಷ್ಟು: ಅಪ್ಪನ ಮನೆಯಲ್ಲಿ ನನಗೆ ಭಾಗ ಬೇಡ. ನಾನಿರುವ ಹಿಂದಿನ ಕೋಣೆಯನ್ನು ಮೂರು ತಿಂಗಳಲ್ಲಿ ಬಿಡುತ್ತೇನೆ.

"ಕೋಣೆನಾ?" ಹೆಂಗಸು ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಮಿಷಿನ್ ಅಲ್ಲೇ ಇರೋದು. ನಾನು ಮಲಗೋದೂ ಅಲ್ಲೇ. ನನಗೆ ಬೇರೆ ಎಲ್ಲಿದೆ?... ಆದ್ರೆ ಸಹಿ ಹಾಕಿಬಿಟ್ಟಿದೀನಲ್ಲ?"

"ಸಹಿ ಹಾಕಿದೀರಿ. ಪ್ರಮಾಣ ಮಾಡಿಲ್ಲ."

"ಬೇಡ ಅಂದ್ರೆ ಅಣ್ಣ ಮಾತು ಬಿಡ್ತಾನೆ. ನನಗಿರೋನು ಅವನೊಬ್ಬನೇ. ನೀವೇ ಹೇಳಿ, ಏನ್ ಮಾಡ್ಲಿ?"

ಮೂಲೆಯಲ್ಲಿ ಕೂತಿದ್ದ ನನಗೆ ಹರಿದು ಎಸೆಯೇ ಎಂದು ಕೂಗಬೇಕೆನಿಸಿತು. ಸೊಸೆ ನನ್ನತ್ತ ಒಂದು ನೋಟ ನೋಡಿದಳು; ನಾಲಗೆ ಕಚ್ಚಿಕೊಂಡೆ.

"ಅದನ್ನ ನಾನು ಹೇಳಬಾರದು. ಇಲ್ಲಿ ಬರೆದಿರೋದು ನಿಮ್ಮ ಮಾತೇನಾ? ಅಷ್ಟೇ ನಾನು ಕೇಳೋದು. ಅವಸರ ಇಲ್ಲ, ಯೋಚನೆ ಮಾಡಿ."

ಹೀಗೆ ಹೇಳಿ ಕೈ ಕಟ್ಟಿ ಕಾದಳು. ಆ ಹೆಂಗಸಿಗೆ ಹುಟ್ಟಿದಾಗಿನಿಂದ ಯಾರೂ ಇಷ್ಟು ಹೊತ್ತು ಕೊಟ್ಟಿರಲಿಲ್ಲವೇನೋ. ಮೊದಲು ಅತ್ತಳು. ಆಮೇಲೆ ಸೆರಗಿನ ದಾರಗಳನ್ನು ಒಂದೊಂದಾಗಿ ಆರಿಸಿದಳು. ಕೊನೆಗೆ ಎದ್ದುಹೋಗಿ ಬಾಗಿಲು ತೆಗೆದಳು.

"ಅಣ್ಣಾ, ಒಳಗೆ ಬಾ. ಇದನ್ನ ನೀನೇ ಓದು, ನನ್ನ ಮುಖ ನೋಡ್ಕೊಂಡು."

ಅವನು ಓದತೊಡಗಿದ. ಕೋಣೆಯ ಸಾಲಿಗೆ ಬಂದಾಗ ಕಾಗದವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. "ಆ ಕೋಣೆ ಸೇರಿಸಿ ಮರಗೆಲಸದ ಶೆಡ್ಡು ದೊಡ್ಡದು ಮಾಡಬೇಕಿತ್ತು ಕಣೇ. ನಿನ್ನನ್ನೇನು ಬೀದಿಗೆ ಹಾಕ್ತಿದ್ನಾ?"

"ಹಾಕ್ತೀನಿ ಅಂತ ಬರೆಸಿದೀಯಲ್ಲ."

"ಎಲ್ಲರ ಮನೇಲೂ ನಡೆಯೋದೇ..."

"ನಮ್ಮನೇಲಿ ನಾನಿದೀನಿ. ನಾನು ಬಿಡಲ್ಲ ಅಣ್ಣಾ. ನೀನು ಮಾತು ಬಿಟ್ರೂ ಬಿಡಲ್ಲ."

ಬಡಗಿ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದ. ಮನೆಗೆ ಮಾತ್ರ ಹೋಗಲಿಲ್ಲ. ಬೆಂಚಿನ ಮೇಲೆ ಬೆನ್ನು ಹಾಕಿ ಕೂತ.

ತಂಗಿ ಹೊರಡುವವಳು ನಿಂತಳು. "ಅಮ್ಮಾ, ಬೇಡ ಅನ್ನೋದಕ್ಕೆ ಕಾಗದ ಇದ್ದ ಹಾಗೆ, ಬೇಕು ಅನ್ನೋದಕ್ಕೂ ಇರುತ್ತಾ?"

ಸೊಸೆಯ ಮುಖದಲ್ಲಿ ಆ ಇಡೀ ದಿನದಲ್ಲಿ ಮೊದಲ ಸಲ ನಗು ಕಂಡೆ. ತಂಗಿಯ ಮಾತಿನಲ್ಲೇ ಹೊಸ ಕಾಗದವೊಂದನ್ನು ತನ್ನ ಕೈಯಾರೆ ಟೈಪ್ ಮಾಡಿದಳು: ಅಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ವಾಸವಾಗಿದ್ದೇನೆ. ನನ್ನ ಭಾಗವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಎರಡು ಸಲ ಓದಿ ಹೇಳಿ, ಗುರುತಿನ ಚೀಟಿ ನೋಡಿ, ಪ್ರಮಾಣ ಮಾಡಲು ಅವಳನ್ನು ಎಬ್ಬಿಸಿ ನಿಲ್ಲಿಸಿದಳು.

"ಗಟ್ಟಿಯಾಗಿ ಹೇಳಬೇಕಾ?"

"ನನಗೆ ಕೇಳಿಸೋಷ್ಟು ಸಾಕು."

ಹೆಂಗಸು ತೆರೆದ ಬಾಗಿಲಿನ ಕಡೆಗೆ ಮುಖ ತಿರುಗಿಸಿ, ಬೀದಿಗೆಲ್ಲ ಕೇಳಿಸುವಂತೆ ಪ್ರಮಾಣ ಮಾಡಿದಳು.