ಕಲ್ಲು ತೊಳೆದ ಬಣ್ಣಗಾರ

ಬಣ್ಣಗಾರನ ಕಾರ್ಖಾನೆಯಲ್ಲಿ ಇವತ್ತು ಯಾವ ಬಣ್ಣ ಕುದಿಯುತ್ತಿದೆ ಎಂದು ಬೀದಿಯವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೋರಿ ನೋಡಿದರೆ ಸಾಕು. ನಿನ್ನೆ ನೀಲಿ, ಇಂದು ಕೆಂಪು. ಆ ಮೋರಿ ಸೇರುವ ಹಳ್ಳದಲ್ಲೇ ಅವನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಒಂದು ದಿನ ಅವಳು ಗುಲಾಬಿ ಬಣ್ಣಕ್ಕೆ ತಿರುಗಿದ ಬಿಳಿ ಹೊದಿಕೆಯೊಂದನ್ನು ತಂದು ಅವನ ಮುಂದೆ ಕೊಡವಿದಳು.

"ನೋಡೋ ನಿನ್ನ ಕೈಚಳಕ! ಇನ್ನೊಂದು ಸಲ ಹೀಗಾದ್ರೆ ಆಸ್ಪತ್ರೆಯವರು ನನ್ನ ಕೆಲಸದಿಂದ ಬಿಡಿಸ್ತಾರೆ. ಆಮೇಲೆ ನಾನು ನಿನ್ನ ಹೊಸಿಲು ತುಳಿಯಲ್ಲ."

ಎತ್ತಿ ಆಡಿಸಿದ ಅಕ್ಕ ಅವಳು. ಬಣ್ಣಗಾರ ಆ ಹೊದಿಕೆ ಹಿಡಿದು ನೇರ ಮನೆಗೆ ಹೋದ.

ಅವನ ಹೆಂಡತಿ ತನ್ನ ಗೆಳತಿಯನ್ನು ಕರೆಸಿದಳು. ಕೊಳಚೆ ನೀರು ಪರೀಕ್ಷಿಸುವುದೇ ಆಕೆಯ ಉದ್ಯೋಗ. ಎಲ್ಲರ ಬಾಯಲ್ಲೂ ಅವಳು 'ನೀರು ಮೇಡಂ'.

"ಮೊದಲು ತೊಟ್ಟೀಲಿ ನೀರು ಆರಿ, ಗಸಿ ತಳಕ್ಕೆ ಇಳೀಲಿ. ಆಮೇಲೆ ನೀರು ಇಂಗದ ಹಾಗೆ ತಳ ಮುಚ್ಚಿದ ಗುಂಡಿ, ಅದರ ತುಂಬ ಜಲ್ಲಿ, ಜಲ್ಲೀಲಿ ಜೊಂಡು. ಬೇರುಗಳ ನಡುವೆ ನಿಧಾನಕ್ಕೆ ಹರೀತಾ ನೀರು ತಿಳಿಯಾಗುತ್ತೆ."

"ಹುಲ್ಲು ನನ್ನ ಬಣ್ಣ ತೆಗೆಯುತ್ತಾ? ಎಷ್ಟು ಒಗೆದ್ರೂ ಹೋಗದ ಬಣ್ಣ ಅಂತ ಹೆಸರು ಮಾಡಿದೋನು ನಾನು!"

"ಹೌದು, ಆ ಹೆಸರು ಅಕ್ಕನ ಹೊದಿಕೆ ಮೇಲೂ ಕೂತಿದೆ," ಎಂದಳು ಹೆಂಡತಿ.

ಬಣ್ಣಗಾರ ಮೇಡಂ ಹೇಳಿದಂತೆ ಗುಂಡಿ ತೋಡಿ ಜೊಂಡು ನೆಟ್ಟ. ಜೊಂಡು ಚಿಗುರಿತು, ನೀರು ತಿಳಿಯಾಗುತ್ತಾ ಬಂತು. ಆದರೆ ತೊಳೆಯುವುದು ಅವನ ಚಟ. ಹಂಡೆಯನ್ನು ಫಳಫಳ ಅನ್ನುವಂತೆ ಉಜ್ಜದಿದ್ದರೆ ನಿದ್ದೆ ಹತ್ತದು. ಜಲ್ಲಿಗೆ ಲೋಳೆ ಹಿಡಿದದ್ದು ಕಂಡು, ಅಕ್ಕ ನೋಡುವ ಮೊದಲೇ ಚೊಕ್ಕ ಮಾಡಬೇಕೆಂದು ಕಲ್ಲುಗಳನ್ನೆಲ್ಲ ಎತ್ತಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಯೇ ಬಿಟ್ಟ. ಮರುದಿನ ಗುಂಡಿಯಿಂದ ಕೆಂಪು ನೀರೇ ಹೊರಬಂತು!

ನೋಡಲು ಬಂದ ನೀರು ಮೇಡಂ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಣ್ಣಾ! ಆ ಲೋಳೇಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಹೊಲಸು ತಿನ್ನೋದು ಅವೇ, ಬೇರು ಅವುಗಳ ಮನೆ. ಕೆಲಸದವರನ್ನೆಲ್ಲ ತೊಳೆದು ಓಡಿಸಿದ್ದೀರಲ್ಲ!"

ಬಣ್ಣಗಾರ ಓಡಿಹೋಗಿ ಹಳ್ಳಕ್ಕೆ ಹೋಗುವ ಕೊಳವೆ ಮುಚ್ಚಿದ. ಲೋಳೆ ಮತ್ತೆ ಕಟ್ಟುವವರೆಗೂ ಒಂದೇ ಒಲೆ ಹಚ್ಚಿ, ಗುಂಡಿಗೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟ.

ಮೇಡಂ ಪರೀಕ್ಷೆ ಮಾಡಿ ಸೈ ಎಂದ ದಿನ ಅಕ್ಕ ಬಂದಳು. ಹೊರಬರುವ ನೀರಿಗೆ ಹೊಸ ಹೊದಿಕೆ ಅದ್ದಿ ಎತ್ತಿದಳು. ಹಾಲಿನಷ್ಟು ಬಿಳುಪು! ಅದನ್ನು ತಮ್ಮನ ಮುಖಕ್ಕೇ ಕೊಡವಿ ನಕ್ಕಳು. ಅವನ ಕಣ್ಣೂ ಒದ್ದೆಯಾಗಿತ್ತು.

"ಕಲ್ಲು ಮಾತ್ರ ಯಾಕೋ ಲೋಳೆ ಲೋಳೆ. ತೊಳೆದುಕೊಡ್ಲಾ?"

"ಅಕ್ಕಾ, ನಿನ್ನ ದಮ್ಮಯ್ಯ, ಅದನ್ನ ಮುಟ್ಬೇಡ!"

ನಿಮ್ಮ ಕಾರ್ಖಾನೆಯ ಮೋರಿ ಯಾರ ಬಾಗಿಲಿಗೆ ಹೋಗುತ್ತದೆ? ಒಮ್ಮೆ ಅದರ ಜೊತೆ ನಡೆದು ನೋಡಿ. ಎಲ್ಲ ಕೊಳಚೆಗೂ ಜೊಂಡು ಒಂದೇ ಸಾಲದು. ಬಲ್ಲವರಿಂದ ನೀರು ಪರೀಕ್ಷೆ ಮಾಡಿಸಿ, ಅವರು ಹೇಳಿದಂತೆ ಗುಂಡಿ ತೋಡಿ, ಜೊಂಡು ನೆಡಿ. ಆಮೇಲೆ ದಯವಿಟ್ಟು ಕಲ್ಲು ತೊಳೆಯಬೇಡಿ!