ಮೂರು ಬುಟ್ಟಿ ಐವಿ

ಬೈರಮಂಗಲದ ಕೆಂಚಮ್ಮನ ಹಿಪ್ಪುನೇರಳೆ ತೋಟದ ಜಾಗದಲ್ಲಿ ಕಾರ್ಖಾನೆ ಎದ್ದು ಎರಡು ವರ್ಷವಾಗಿತ್ತು. ಚಿಕ್ಕಂದಿನಿಂದ ರೇಷ್ಮೆಹುಳಕ್ಕೆ ಸೊಪ್ಪು ಬಿಡಿಸಿದ ಕೈ ಅವಳದು. ಈಗ ಅದೇ ಕೈ ಸ್ವಾಮಿಯ ನರ್ಸರಿಯಲ್ಲಿ ತೂಗುಬುಟ್ಟಿಗಳಿಗೆ ಐವಿ ಬಳ್ಳಿ ನೆಡುತ್ತಿತ್ತು. ಕಾರ್ಖಾನೆ ಆಫೀಸುಗಳವರು ಬಂದು ಹತ್ತು ಹದಿನೈದು ಬುಟ್ಟಿ ಒಟ್ಟಿಗೇ ಕೊಳ್ಳುತ್ತಿದ್ದರು. ತಿನ್ನಲಿಕ್ಕಿಲ್ಲ, ಮುಡಿಯಲಿಕ್ಕಿಲ್ಲ, ಅದೇನು ಕಂಡು ಕೊಳ್ಳುತ್ತಾರೋ ಅವರಿಗೇ ಗೊತ್ತು. ಕೆಂಚಮ್ಮ ಕೇಳಲು ಹೋಗಲಿಲ್ಲ. ಈಚೀಚೆಗೆ ಅವಳಿಗೆ ಯಾವುದನ್ನೂ ಕೇಳಬೇಕು ಅನ್ನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಣ್ಣೆಲೆ ತೆಗೆಯಲು ಕೂತವಳು ತಲೆಯೆತ್ತುವಷ್ಟರಲ್ಲಿ ಮೂರು ಬುಟ್ಟಿಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ಹಸಿರೆಲೆಯೆಲ್ಲ ಅವಳ ಮಡಿಲಲ್ಲಿ.

“ಏನ್ ಕೆಂಚಕ್ಕಾ ಇದು, ಪೂರಾ ಬೋಳುಸ್ಬುಟ್ಟಲ್ಲಾ!” ಎಂದು ಸ್ವಾಮಿ ಹಾರಾಡಿದ.

“ಕೈಯೇ ಬುಡುಸ್ಬುಡ್ತು ಕಣಪ್ಪ,” ಎಂದಳು.

ಎಲೆ ಬಿಸಾಡಲು ಮನಸ್ಸಾಗದೆ, ಬಾಡದಂತೆ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಸಂಜೆ ಮನೆಗೆ ತಂದಳು. ಗಂಡ ರಾಮಲಿಂಗಯ್ಯ ಗಂಟು ಬಿಚ್ಚಿ ನೋಡಿದ. ಹಿಂದೆ ಹುಳ ಸಾಕುವ ಮನೆಗೆ ಹೋಗುವ ಮುಂಚೆ ತೊಳೆಯುತ್ತಿದ್ದಂತೆ ಕೈಕಾಲು ತೊಳೆದು ಬಂದ. ಅಟ್ಟದಿಂದ ಕತ್ತಿ ಇಳಿಸಿ, ಮರಿಹುಳಕ್ಕೆ ಹೆಚ್ಚುವ ಹಾಗೆ ಎಲೆಯನ್ನು ಸಣ್ಣಗೆ ಹೆಚ್ಚಿದ. ಕೆಂಚಮ್ಮ ಬಿದಿರಿನ ತಟ್ಟೆ ಒರೆಸಿ ಮುಂದಿಟ್ಟಳು. ತೋಟ ಹೋದಾಗಿನಿಂದ ಒಂದು ಹುಳವನ್ನೂ ಕಾಣದ ತಟ್ಟೆ ಅದು. ರಾಮಲಿಂಗಯ್ಯ ಅದರ ಮೇಲೆ ಸೊಪ್ಪು ಉದುರಿಸತೊಡಗಿದ.

“ಒಸಿ ತೆಳ್ಳಗೆ ಹಾಕಿ,” ಎಂದಳು ಕೆಂಚಮ್ಮ. “ಮರಿಗಳಿಗೆ ಉಸ್ರು ಕಟ್ತದೆ.”